ಪದ್ಮಿನಿಯ ಮೋಹ

ಸ್ಟೀರಿಂಗ್ ಬುಡದಲ್ಲೇ ಗೇರ್ ಕಡ್ಡಿ, 1089 ಸಿಸಿಯ ಪುಟ್ಟ ಎಂಜಿನ್. ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಎಂದರೆ ನನಗೆ ಹುಡುಗನಾಗಿದ್ದಾಗಿನಿಂದಲೂ ಜೀವ. ಇಟಲಿಯ ಫಿಯೆಟ್ 1100 ಇಲ್ಲಿ ಪದ್ಮಿನಿಯಾಯಿತು. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಎಂಜಿನ್ ಬಿಸಿಯಾಗುವವರೆಗೆ ಕಾಯಬೇಕು. ಆ ಕಾಯುವುದೂ ನನಗಿಷ್ಟ.

ಹಳೆಯ ಕಾರು ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ, ಅಡಿಗೆ ಮಲಗಿ ತಳದ ತಗಡು ನೋಡಿ. ಮ್ಯಾಟ್ ಕೆಳಗೆ ನಿಂತ ನೀರು, ಬಾಗಿಲ ಬುಡದ ಕೆಸರು, ತುಕ್ಕು ಹಿಡಿಯುವುದೇ ಅಲ್ಲಿ. ಎಂಜಿನ್ ಕೆಟ್ಟರೆ ಬಿಚ್ಚಿ ಜೋಡಿಸಬಹುದು. ತಳ ತಿಂದುಹೋದರೆ ವೆಲ್ಡಿಂಗ್‌ನವರ ಕೈಚಳಕವೇ ಗತಿ. ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆ ಅಲೆಯುವ ದಿನ ನನಗೆ ಹಬ್ಬ.

ಹೊಸ ಕಾರುಗಳು ಹೆಚ್ಚು ಸುರಕ್ಷಿತ, ನಿಜ. ಆದರೂ ನಿಮ್ಮ ಹಿತ್ತಲಲ್ಲಿ ಇಂಥದ್ದೊಂದು ನಿಂತಿದ್ದರೆ, ಗುಜರಿಗೆ ಹಾಕುವ ಮುನ್ನ ಒಬ್ಬ ಹಳೆಯ ಮೆಕ್ಯಾನಿಕ್‌ಗೆ ತೋರಿಸಿ.