ಗಂಧದ ತೋಟಕ್ಕೆ ಕಾವಲು: ಅಲಾರಂ ಮೊದಲು ಯಾರನ್ನು ಎಬ್ಬಿಸಬೇಕು?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಎಂಟೆಕ್ ಮಾಡಿದ್ದು ಎಂಬೆಡೆಡ್ ಸಿಸ್ಟಮ್ಸ್‌ನಲ್ಲಿ. ಊರು ತುಮಕೂರು ಜಿಲ್ಲೆ, ಶಿರಾ ಕಡೆ. ಇಲ್ಲಿ ಕೂತಿರೋ ಅರ್ಧ ಜನರದ್ದೂ ಇದೇ ಕಥೆ ಅಂದ್ಕೋತೀನಿ: ನಾವು ಇಲ್ಲಿ, ಜಮೀನು ಅಲ್ಲಿ, ಕಾಯೋಕೆ ಅರವತ್ತು ದಾಟಿದ ಅಪ್ಪ, ಅಮ್ಮ.

ಇವತ್ತು ತೋಟದ ಕಳ್ಳತನದ ಬಗ್ಗೆ, ಅದರಲ್ಲೂ ಶ್ರೀಗಂಧದ ಬಗ್ಗೆ ಮಾತಾಡ್ತೀನಿ. ಮೊದಲೆಲ್ಲ ನಮ್ಮ ಹೊಲದಲ್ಲಿ ಗಂಧದ ಗಿಡ ಹುಟ್ಟಿದರೂ ಅದು ಸರ್ಕಾರದ್ದು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಆಯ್ತು, ಮರ ಜಮೀನಿನವರದ್ದಾಯ್ತು. ಜೊತೆಗೆ ಕಾವಲೂ ನಮ್ಮ ತಲೆಗೇ ಬಂತು. ಒಳಗೆ ಚೇಗು ಚೆನ್ನಾಗಿ ಕಟ್ಟೋಕೆ ಹದಿನೈದು ವರ್ಷವಾದರೂ ಬೇಕು. ಕೈಗರಗಸದಲ್ಲಿ ಕೊಯ್ಯೋಕೆ ಕೆಲವೇ ನಿಮಿಷ.

"ಕ್ಯಾಮೆರಾ ಹಾಕ್ಸಿದ್ರೆ ಆಯ್ತಲ್ವಾ?" ಅಂತ ಎಲ್ಲರೂ ಕೇಳ್ತಾರೆ. ಮುಖಕ್ಕೆ ಟವೆಲ್ ಸುತ್ತಿಕೊಂಡವರ ವಿಡಿಯೋ ಬೆಳಿಗ್ಗೆ ನೋಡಬಹುದು. ಕೆಲವು ಕಡೆ ಕ್ಯಾಮೆರಾವನ್ನೂ ಹೊತ್ಕೊಂಡು ಹೋಗ್ತಾರೆ. ಭದ್ರತೆಯ ಲೆಕ್ಕ ಬೇರೆ: ಕಳ್ಳ ಬಂದಿದ್ದು ಗೊತ್ತಾದ ಗಳಿಗೆಯಿಂದ ನಮ್ಮವರು ಅಲ್ಲಿಗೆ ತಲುಪೋ ಸಮಯ, ಅವನು ಕೆಲಸ ಮುಗಿಸೋ ಸಮಯಕ್ಕಿಂತ ಕಡಿಮೆ ಇರಬೇಕು. ಅಷ್ಟೇ.

ಗೊತ್ತಾಗೋದು ಹೇಗೆ? ಕಾಂಡಕ್ಕೆ ಒಂದು ಪುಟ್ಟ ಕಂಪನ ಸೆನ್ಸರ್ ಕಟ್ಟಬಹುದು. ಪ್ರತಿ ಮರಕ್ಕೂ ಸಿಮ್ ಬೇಡ. 865ರಿಂದ 867 ಮೆಗಾಹರ್ಟ್ಸ್ ಬ್ಯಾಂಡ್‌ಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ, ಆ ರೇಡಿಯೋದಲ್ಲಿ ಸುದ್ದಿ ಮನೆಯ ಹತ್ತಿರದ ಒಂದು ಪೆಟ್ಟಿಗೆಗೆ ಬರುತ್ತೆ. ಇದು ಸುಲಭದ ಭಾಗ.

ಕಷ್ಟ ಇಲ್ಲಿದೆ. ಇನ್ನೂರು ಮರ, ಇನ್ನೂರು ಸೆನ್ಸರ್. ಒಂದೊಂದೂ ನೂರು ರಾತ್ರಿಗೆ ಒಂದೇ ಸಲ ಸುಮ್ಮನೆ ಕೂಗಿತು ಅಂತಿಟ್ಕೊಳ್ಳಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಒಟ್ಟು ತೋಟದಲ್ಲಿ ಪ್ರತಿ ರಾತ್ರಿ ಸರಾಸರಿ ಎರಡು ಸುಳ್ಳು ಅಲಾರಂ. ವಾರ ಕಳೆಯೋದರೊಳಗೆ ಮನೆಯವರು ವೈರ್ ಕಿತ್ತು ಮಲಗ್ತಾರೆ, ಸರಿಯಾಗೇ ಮಾಡ್ತಾರೆ. ನೂರು ರಾತ್ರಿಗೆ ಒಂದೇ ಸುಳ್ಳು ಬೇಕು ಅಂದರೆ ಒಂದೊಂದು ಸೆನ್ಸರ್ 20,000 ರಾತ್ರಿಗೆ ಒಮ್ಮೆ ಮಾತ್ರ ತಪ್ಪಬೇಕು. ಅಂಥ ಸೆನ್ಸರ್ ಅಂಗಡಿಯಲ್ಲಿ ಸಿಗಲ್ಲ. ಅದಕ್ಕೇ ಮರಗಳನ್ನು ಒಂದಕ್ಕೊಂದು ಹೋಲಿಸಬೇಕು. ಗಾಳಿ ಬಂದರೆ ಅಕ್ಕಪಕ್ಕದ ಮರಗಳೂ ಅಲುಗಾಡುತ್ತವೆ. ಗರಗಸ ನಡುಗಿಸೋದು ಒಂದೇ ಮರವನ್ನ, ಅದೂ ಒಂದೇ ತಾಳದಲ್ಲಿ. ಹಸು ಮೈ ಉಜ್ಜಿದರೆ ತಾಳ ಇರಲ್ಲ.

ಈಗ ಅಲಾರಂ ನಿಜವಾದದ್ದೇ ಅಂದ್ಕೊಳ್ಳಿ. ಯಾರನ್ನು ಎಬ್ಬಿಸೋದು? ನನಗೆ ಬಂದರೆ ಪ್ರಯೋಜನ ಇಲ್ಲ. ಪುಣೆಯಿಂದ 112 ಒತ್ತಿದರೆ ಕರೆ ಹೋಗೋದು ಮಹಾರಾಷ್ಟ್ರದ ಕಂಟ್ರೋಲ್ ರೂಮಿಗೆ. (ನಿಮ್ಮೂರಿನ ಠಾಣೆಯ ನಂಬರು ಫೋನಲ್ಲಿ ಇಲ್ಲದಿದ್ದರೆ ಇವತ್ತೇ ಹಾಕ್ಕೊಳ್ಳಿ.) ಅಪ್ಪನಿಗೆ ಹೋದರೆ? ಅವರು ಬ್ಯಾಟರಿ ಹಿಡ್ಕೊಂಡು ಒಬ್ಬರೇ ಹೊರಡ್ತಾರೆ. ಅಲ್ಲಿ ಮಚ್ಚು ಹಿಡಿದ ನಾಲ್ಕು ಜನ ಇರ್ತಾರೆ. ನನ್ನ ಕೋಡು ಬಹಳ ಚುರುಕಾಗಿ ಕೆಲಸ ಮಾಡಿ ಅವರನ್ನ ಅಪಾಯದ ಬಾಯಿಗೆ ಕಳಿಸಿದ ಹಾಗಾಯ್ತು.

ಹಾಗಾಗಿ ನಾನು ಬರೆದ ಕ್ರಮ ಹೀಗಿದೆ. ಮೊದಲು ಪಕ್ಕದ ಜಮೀನಿನ ನಾಲ್ಕು ಜನಕ್ಕೆ ಒಟ್ಟಿಗೇ ಕರೆ. ಬರ್ತೀನಿ ಅನ್ನೋರು ಒಂದು ಒತ್ತಬೇಕು. ಇಬ್ಬರು ಒತ್ತಿದ ಮೇಲೇ ತೋಟದ ಸೈರನ್, ದೀಪ, ಆಮೇಲೆ ಅಪ್ಪನಿಗೆ ಕರೆ. ಯಾರ್ಯಾರು ಬರ್ತಿದಾರೆ ಅಂತ ಹೆಸರು ಹೇಳುತ್ತೆ. ಯಾರೂ ಒತ್ತದಿದ್ದರೆ ನಾನು ಠಾಣೆಗೆ ಫೋನ್ ಮಾಡ್ತೀನಿ, ಪೊಲೀಸರು ಬರೋದರೊಳಗೆ ಬಹುಶಃ ಮರ ಹೋಗಿರುತ್ತೆ. ಹೋಗಲಿ ಅಂತಲೇ ಬರೆದಿದ್ದೀನಿ.

ನಮ್ಮಪ್ಪ ಇದನ್ನ ಇನ್ನೂ ಒಪ್ಪಿಲ್ಲ. "ನನ್ನ ತೋಟದಾಗೆ ಕಳ್ಳ ಬಂದಾನೆ ಅಂತ ನನಗಿಂತ ಮೊದ್ಲು ಪಕ್ಕದವರಿಗೆ ಗೊತ್ತಾಗ್ಬೇಕೇನೋ?" ಅಂತಾರೆ. ಅವರ ಮಾತಿಗೂ ಅರ್ಥ ಇದೆ. ಆದರೂ ಆ ಸಾಲು ನಾನು ಬದಲಾಯಿಸಿಲ್ಲ. ಬದಲಿಗೆ ಆ ನಾಲ್ಕು ಜನ ಯಾರು ಅನ್ನೋದನ್ನ ಅವರಿಗೇ ಬಿಟ್ಟೆ. ಒಬ್ಬರ ಜೊತೆ ಬದುವಿನ ಜಗಳ ಇತ್ತು, ಅವರ ಹೆಸರೇ ಮೊದಲು ಬರೆಸಿದರು. ಅವರದ್ದೂ ಗಂಧದ ಮರ ಇದೆಯಂತೆ.

ಪಂಪ್‌ಸೆಟ್ ಕೇಬಲ್ ಬಗ್ಗೆ ಕೇಳ್ತೀರಿ ಅಂತ ಗೊತ್ತು, ಒಂದೇ ಮಾತು ಹೇಳ್ತೀನಿ. ಕರೆಂಟ್ ಹೋಯ್ತು ಅನ್ನೋದನ್ನ ಕಳ್ಳತನದ ಗುರುತು ಮಾಡ್ಕೋಬೇಡಿ. ನಮ್ಮಲ್ಲಿ ತ್ರೀ ಫೇಸ್ ಕೊಡೋದೇ ದಿನಕ್ಕೆ ಏಳು ಗಂಟೆ, ಉಳಿದ ಹದಿನೇಳು ಗಂಟೆ ಅಲಾರಂ ಕೇಳ್ತಾ ಕೂರಬೇಕಾಗುತ್ತೆ. ಕೇಬಲ್ ಜೊತೆಗೇ ಒಂದು ತೆಳು ತಂತಿ ಸುತ್ತಿ, ಬ್ಯಾಟರಿ ಸೆಲ್‌ನಿಂದ ಅದರಲ್ಲಿ ಸಣ್ಣ ಕರೆಂಟ್ ಹರಿಸಿ. ತುಂಡಾದ ಕ್ಷಣ ಗೊತ್ತಾಗುತ್ತೆ.

ಸೆನ್ಸರ್ ಬೋರ್ಡ್ ಎರಡು ತಂದಿದ್ದೀನಿ, ಟೇಬಲ್ ಮೇಲಿದೆ. ಬಂದು ಕೈಯಲ್ಲಿ ಹಿಡಿದು ನೋಡಿ, ಪ್ರಶ್ನೆ ಇದ್ದರೆ ಕೇಳಿ.