ಮನೋರೋಗವೂ ದಾಂಪತ್ಯ ಜೀವನವೂ

(ಹಾಲುರಾಮೇಶ್ವರದಲ್ಲಿ ಏರ್ಪಟ್ಟಿದ್ದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದರೆ ಮಕ್ಕಳ ಸಂಖ್ಯೆ, ಶಸ್ತ್ರಚಿಕಿತ್ಸೆ, ಲಸಿಕೆ ಇವುಗಳ ಮಾತೇ ಇರುತ್ತದೆಂದು ತಾವು ಭಾವಿಸಿ ಬಂದಿರಬಹುದು. ಇಂದು ನಾನು ಹೇಳಹೊರಟಿರುವುದು ಮನೆಯೊಳಗೂ ಬಾಯಿಬಿಟ್ಟು ಆಡದ ವಿಷಯ. ಗಂಡನಿಗಾಗಲಿ ಹೆಂಡತಿಗಾಗಲಿ ತೀವ್ರವಾದ ಮನೋರೋಗ ಬಂದಾಗ ಅವರ ದಾಂಪತ್ಯ ಸುಖ, ಲೈಂಗಿಕ ಆರೋಗ್ಯ, ಸಂತಾನ ಇವುಗಳ ಗತಿಯೇನು ಎಂಬ ವಿಷಯ. ಈ ಕ್ಷೇತ್ರಕ್ಕೆ ಸಂತಾನದ ಹರಕೆ ಹೊತ್ತು ಬರುವವರಲ್ಲಿ ಇಂಥ ಮನೆಯವರೂ ಇರಬಹುದು. ಹರಕೆಯನ್ನು ಬಿಡಿರೆಂದು ಹೇಳಲು ನಾನು ಬಂದಿಲ್ಲ. ಮಾತ್ರೆಯನ್ನು ಬಿಡಬೇಡಿರೆಂದು ಹೇಳಲು ಬಂದಿದ್ದೇನೆ.

"ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು" ಎಂಬ ಗಾದೆ ನಮ್ಮಲ್ಲಿದೆ. ನಗೆಗಾಗಿ ಹುಟ್ಟಿದ ಈ ಮಾತಿನ ಉತ್ತರಾರ್ಧವನ್ನು ಎಷ್ಟೋ ತಂದೆತಾಯಿಗಳು ನಿಜವೆಂದೇ ನಂಬಿ, ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುತ್ತಾರೆ. ಮದುವೆ ಯಾವ ಮನೋರೋಗಕ್ಕೂ ಔಷಧವಲ್ಲ. ಮುಚ್ಚಿಟ್ಟ ಮೇಲೆ ಹೊಸ ಮನೆಯಲ್ಲಿ ಮಾತ್ರೆ ನುಂಗಲೂ ಅಂಜಿಕೆ. ನುಂಗದಿದ್ದರೆ ಕಾಯಿಲೆ ಮರುಕಳಿಸುತ್ತದೆ. ಹಾಗೆಂದು ಮನೋರೋಗ ಬಂದವರಿಗೆ ಸಂಸಾರವೇ ಕೂಡದೆಂಬ ಮಾತೂ ಸರಿಯಲ್ಲ. ಚಿಕಿತ್ಸೆಯಲ್ಲಿದ್ದು ಹೊಲಮನೆ ನೋಡಿಕೊಂಡು, ಮಕ್ಕಳನ್ನು ಸಾಕುತ್ತಿರುವವರು ಬಹಳ ಮಂದಿ ಇದ್ದಾರೆ.

ಸ್ಕಿಜೋಫ್ರೀನಿಯಾ, ಉನ್ಮಾದ, ತೀವ್ರ ಖಿನ್ನತೆ ಇವು ಮಿದುಳಿಗೆ ಸಂಬಂಧಿಸಿದ ಕಾಯಿಲೆಗಳು. ಖಿನ್ನತೆಯಲ್ಲಿ ಊಟ ನಿದ್ರೆಗಳಂತೆ ಕಾಮಾಸಕ್ತಿಯೂ ಕುಗ್ಗುತ್ತದೆ. ಉನ್ಮಾದದಲ್ಲಿ ಅದು ಮಿತಿಮೀರಬಹುದು. ಎಂದೂ ದಾರಿ ತಪ್ಪದವರು ಆ ದಿನಗಳಲ್ಲಿ ಪರರ ಸಹವಾಸಕ್ಕೆ ಬೀಳುವುದುಂಟು. ಇದನ್ನು ನಡತೆಗೇಡೆಂದು ಹೊಡೆದು ಬಡಿದು ಮಾಡುವ ಬದಲು ಕಾಯಿಲೆ ಏರಿದೆಯೆಂದು ತಿಳಿದು ವೈದ್ಯರಲ್ಲಿಗೆ ಕರೆತರಬೇಕು. ಅನಂತರ ದಂಪತಿಗಳಿಬ್ಬರೂ ಎಚ್.ಐ.ವಿ. ಮತ್ತು ಲೈಂಗಿಕ ಸೋಂಕುಗಳ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸರ್ಕಾರಿ ಆಸ್ಪತ್ರೆಯಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ. ಅಲ್ಲಿಯವರೆಗೆ ನಿರೋಧ್ ಬಳಸತಕ್ಕದ್ದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತೆಂಗಿನ ತೋಟವಿರುವ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಕಿವಿಯಲ್ಲಿ ಯಾರೋ ಬೈದಂತೆ ಕೇಳಿಸುತ್ತಿದ್ದುದು ಮಾತ್ರೆಯಿಂದ ನಿಂತಿದೆ, ಕೆಲಸಕ್ಕೆ ಹೋಗುತ್ತಿದ್ದಾನೆ. ಆದರೆ ರಾತ್ರಿ ಹೆಂಡತಿಯ ಬಳಿ ತನ್ನಿಂದ ಏನೂ ಆಗದು. ನಾಚಿಕೆಯಿಂದ ಯಾರಿಗೂ ಹೇಳದೆ ಮಾತ್ರೆಗಳನ್ನು ತೋಟದಲ್ಲಿ ಎಸೆಯತೊಡಗುತ್ತಾನೆ. ಕೆಲವು ತಿಂಗಳಲ್ಲಿ ಕಾಯಿಲೆ ಹಿಂದಿರುಗುತ್ತದೆ. ಯಾರೋ ಮಾಟ ಮಾಡಿಸಿದರೆಂದು ಮನೆಯವರು ಅಲೆಯುತ್ತಾರೆ. ಕಾರಣ ಮಾಟವಲ್ಲ, ಹೇಳದೇ ಉಳಿದ ಒಂದು ಮಾತು.

ಇದು ನಡೆಯುವ ಬಗೆಯನ್ನು ತಿಳಿಸುತ್ತೇನೆ. ರಿಸ್ಪೆರಿಡೋನ್‌ನಂಥ ಕೆಲವು ಔಷಧಿಗಳು ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತವೆ. ಬಾಣಂತಿಯಲ್ಲಿ ಹಾಲು ಉತ್ಪತ್ತಿ ಮಾಡುವ ಹಾರ್ಮೋನು ಇದೇ. ಇದು ಏರಿದಾಗ ಗಂಡಸಿಗೆ ಆಸಕ್ತಿ ತಗ್ಗಿ ನಿಮಿರುವಿಕೆ ಕುಂದಬಹುದು. ಹೆಂಗಸಿಗೆ ಮುಟ್ಟು ನಿಲ್ಲಬಹುದು, ಹೆರದಿದ್ದರೂ ಎದೆಯಲ್ಲಿ ಹಾಲು ಜಿನುಗಬಹುದು. ಮುಟ್ಟು ನಿಂತದ್ದನ್ನು ಕಂಡು ಅತ್ತೆ ಬಸಿರೆಂದು ಸಂಭ್ರಮಿಸುವುದುಂಟು, ಬಂಜೆಯೆಂದು ಹಳಿಯುವುದೂ ಉಂಟು. ಎರಡೂ ತಪ್ಪು ಎಣಿಕೆ. ಮುಟ್ಟಿಲ್ಲವೆಂದು ಗರ್ಭ ನಿಲ್ಲುವುದೇ ಇಲ್ಲವೆಂದು ನಂಬುವುದೂ ತಪ್ಪು. ಪ್ರಮಾಣ ತಗ್ಗಿಸಿ, ಅಥವಾ ಔಷಧಿಯನ್ನೇ ಬದಲಿಸಿ ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಬಹುದು. ಸಕ್ಕರೆ ಕಾಯಿಲೆಯಿಂದಲೋ ಮದ್ಯಪಾನದಿಂದಲೋ ಇಂಥದೇ ತೊಂದರೆ ಬರುವುದರಿಂದ ಅದನ್ನೂ ಪರೀಕ್ಷಿಸಬೇಕಾಗುತ್ತದೆ. ವೈದ್ಯರು ತಾವಾಗಿಯೇ ಕೇಳುವುದಿಲ್ಲವೆಂಬ ದೂರು ನಿಜ. ನಮಗೂ ಸಂಕೋಚವಿದೆ, ಹೊರರೋಗಿಗಳ ಸಾಲೂ ಉದ್ದವಿದೆ. ಆದ್ದರಿಂದ ತಾವೇ ಕೇಳಿರಿ. "ಡಾಕ್ಟರೇ, ಈ ಮಾತ್ರೆ ಶುರುವಾದ ಮೇಲೆ ಸಂಸಾರಕ್ಕೆ ತೊಂದರೆಯಾಗಿದೆ" ಎಂದರೆ ಸಾಕು, ನಮಗೆ ತಿಳಿಯುತ್ತದೆ.

ಇನ್ನೊಂದು ಮಾತನ್ನು ಗಂಡಸರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಪ್ರಭಾ ಚಂದ್ರ ಮತ್ತು ಸಹೋದ್ಯೋಗಿಗಳು ಚಿಕಿತ್ಸೆಗೆ ದಾಖಲಾಗಿದ್ದ 146 ಮಹಿಳೆಯರನ್ನು ವಿಚಾರಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಲೈಂಗಿಕ ಬಲವಂತಕ್ಕೆ ಒಳಗಾಗಿದ್ದರು. ಬಲವಂತ ಮಾಡಿದವರಲ್ಲಿ ಗಂಡಂದಿರೂ ಇದ್ದರು. ಕಾಯಿಲೆಯ ಹೆಂಡತಿ ಬೇಡವೆಂದರೆ ಅದು ಬೇಡವೆಂದೇ ಅರ್ಥ. ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಅವಳ ಮಾತನ್ನು ತಳ್ಳಿಹಾಕಲಾಗದು. ಅವಳನ್ನು ಮನೆಯಲ್ಲಿ ಒಂಟಿಯಾಗಿ ಬಿಡುವಾಗಲೂ ಎಚ್ಚರವಿರಲಿ.

ಮಗು ಬೇಕೆಂಬ ದಂಪತಿಗಳು ಗರ್ಭ ನಿಲ್ಲುವುದಕ್ಕೆ ಮೊದಲೇ ಬಂದು ಕಾಣಬೇಕು. ಉನ್ಮಾದಕ್ಕೂ ಮೂರ್ಛೆರೋಗಕ್ಕೂ ಕೊಡುವ ವಾಲ್ಪ್ರೋಯೇಟ್ ಮಾತ್ರೆಯಿಂದ ಗರ್ಭಸ್ಥ ಶಿಶುವಿನ ಮಿದುಳು, ಬೆನ್ನುಹುರಿಗಳಿಗೆ ಹಾನಿಯಾಗಬಹುದು. ಅದನ್ನು ಮುಂಚೆಯೇ ಬದಲಿಸಿ ಫೋಲಿಕ್ ಆಮ್ಲದ ಮಾತ್ರೆ ಪ್ರಾರಂಭಿಸುತ್ತೇವೆ. ಈಗಾಗಲೇ ಗರ್ಭ ನಿಂತಿದ್ದರೆ ತಾವೇ ಮಾತ್ರೆ ನಿಲ್ಲಿಸದೆ ಕೂಡಲೇ ಆಸ್ಪತ್ರೆಗೆ ಬನ್ನಿ. ಹೆರಿಗೆಯಾದ ಮೊದಲ ವಾರಗಳಲ್ಲಿ ಕಾಯಿಲೆ ಕೆರಳುವ ಸಂಭವ ಹೆಚ್ಚು. ನಮ್ಮ ಹಿರಿಯರು ಬಾಣಂತಿ ಸನ್ನಿಯೆಂದದ್ದರಲ್ಲಿ ಇದೂ ಸೇರಿದೆ. ಬಾಣಂತಿ ರಾತ್ರಿಯಿಡೀ ನಿದ್ರಿಸದೆ ಅಸಂಬದ್ಧ ಮಾತಾಡತೊಡಗಿದರೆ ಒಂದು ದಿನವೂ ಕಾಯಬಾರದು. ತಾಯಿ ಮಗುವನ್ನು ಅಗಲಿಸದೆ ಚಿಕಿತ್ಸೆ ನೀಡುವ ವಿಭಾಗವನ್ನು ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತೆರೆಯಲಾಯಿತು.

ಮಗು ಸದ್ಯಕ್ಕೆ ಬೇಡವೆಂದರೆ ನಿರೋಧ್, ವಂಕಿ, ನುಂಗುವ ಗುಳಿಗೆ, ಅಂತರ ಚುಚ್ಚುಮದ್ದು ಎಲ್ಲವೂ ಇವೆ. ಕಾರ್ಬಮಜೆಪಿನ್ ತೆಗೆದುಕೊಳ್ಳುವವರಲ್ಲಿ ಮಾತ್ರ ಗರ್ಭನಿರೋಧಕ ಗುಳಿಗೆಯ ಶಕ್ತಿ ಕುಂದುತ್ತದೆ. ಅಂಥವರಿಗೆ ವಂಕಿ ಮೇಲು. "ಹುಚ್ಚಿಗೆ ಆಪರೇಷನ್ ಮಾಡಿಸಿಬಿಡಿ" ಎಂದು ಬಂಧುಗಳು ಕೇಳುವುದುಂಟು. ಮನೋರೋಗದ ಚಿಕಿತ್ಸೆಯೆಂದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ನಿಷೇಧಿಸಿದೆ.

2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಡಿ ಗೊತ್ತಾದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಹೊಸದುರ್ಗಕ್ಕೆ ಬರುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಳ್ಳಿ. ಎದುರಿಗೆ ಹೇಳಲು ನಾಚಿಕೆಯಾದರೆ 14416 ಸಂಖ್ಯೆಯ ಟೆಲಿ ಮಾನಸ್‌ಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಕೇಳಬಹುದು, ಅದಕ್ಕೆ ಶುಲ್ಕವಿಲ್ಲ. ಸಭೆ ಮುಗಿದ ಮೇಲೆ ನಾನೂ ಆರೋಗ್ಯ ಸಹಾಯಕಿಯವರೂ ಇಲ್ಲಿಯೇ ಇರುತ್ತೇವೆ. ಗಂಡಸರು ನನ್ನಲ್ಲಿಗೆ, ಹೆಂಗಸರು ಅವರಲ್ಲಿಗೆ, ಒಬ್ಬೊಬ್ಬರಾಗಿ ಬರಬಹುದು. ನುಂಗುತ್ತಿರುವ ಮಾತ್ರೆಯ ಚೀಟಿಯಿದ್ದರೆ ಜೊತೆಗೆ ತನ್ನಿ.