ನೆಲಮಾಳಿಗೆಯಲ್ಲೊಂದು ಕೊಳ

ಬಾವಿಯಿಂದ ಅಡಿಗೆಮನೆಯವರೆಗೆ ಒಂದು ಕೊಡ ನೀರನ್ನು ಹೊತ್ತು ತಂದವರಿಗೆ ನೀರು ಎಷ್ಟು ಭಾರದ ಪದಾರ್ಥವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಲ್ಲಿ ತಿರುಗಿಸಿದೊಡನೆ ನೀರು ಸುರಿಯುವ ಕಾಲಕ್ಕೆ ಬಂದ ನಾವು ಆ ಭಾರವನ್ನು ಮರೆತಿದ್ದೇವೆ. ನೀರನ್ನು ಮನೆಯೊಳಗೆ, ಗಾಜಿನ ಗೋಡೆಯ ಹಿಂದೆ ನಿಲ್ಲಿಸಲು ಹೊರಟವರಿಗೆ ಅದು ಮತ್ತೆ ನೆನಪಾಗುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಅಂಥವರ ಒಂದು ಹವ್ಯಾಸದ ವಿಚಾರ: ತಮ್ಮ ಮನೆಯ ನೆಲಮಾಳಿಗೆಯಲ್ಲಿ, ತಮ್ಮ ಕೈಯಾರೆ, ಸಾವಿರಾರು ಲೀಟರ್ ನೀರು ಹಿಡಿಯುವ ಮೀನಿನ ತೊಟ್ಟಿಯನ್ನು, ಎಂದರೆ ಅಕ್ವೇರಿಯಂ ಒಂದನ್ನು, ಕಟ್ಟಿಕೊಳ್ಳುವ ಹವ್ಯಾಸ.

ಗಾಜಿನ ಹಿಂದೆ ಜಲಚರಗಳನ್ನಿಟ್ಟು ನೋಡುವ ಆಸೆ ತೀರ ಹಳೆಯದಲ್ಲ. ಝಾನ್ ವಿಲ್‌ಪ್ರೊ-ಪವರ್ ಎಂಬ ಫ್ರೆಂಚ್ ಮಹಿಳೆ ೧೮೩೨ರ ಸುಮಾರಿಗೆ ಸಿಸಿಲಿ ದ್ವೀಪದಲ್ಲಿ ಚಿಪ್ಪಿನ ಜೀವಿಯೊಂದನ್ನು ಅಭ್ಯಾಸ ಮಾಡಲೆಂದು ಗಾಜಿನ ತೊಟ್ಟಿಗಳನ್ನು ಮಾಡಿಸಿಕೊಂಡಳು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು. ಮರುವರ್ಷವೇ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿವಿಜ್ಞಾನಿ ‘ಅಕ್ವೇರಿಯಂ’ ಎಂಬ ಹೆಸರಿನ ಪುಸ್ತಕವನ್ನೇ ಬರೆದ. ಅಂದಿನ ತೊಟ್ಟಿಗಳು ಲೋಹದ ಚೌಕಟ್ಟಿಗೆ ಗಾಜು ಕೂರಿಸಿ, ಸಂದಿಗೆ ಪುಟ್ಟಿ ಮೆತ್ತಿದ ಪೆಟ್ಟಿಗೆಗಳು. ಚೌಕಟ್ಟು ತುಕ್ಕು ಹಿಡಿಯುತ್ತಿತ್ತು, ಪುಟ್ಟಿ ಒಣಗಿ ಬಿರಿಯುತ್ತಿತ್ತು. ೧೯೬೦ರ ದಶಕದಿಂದೀಚೆಗೆ ಸಿಲಿಕೋನ್ ಅಂಟು ಬಳಕೆಗೆ ಬಂದ ಮೇಲೆ ಗಾಜಿಗೆ ಗಾಜನ್ನೇ ಅಂಟಿಸಬಹುದಾಯಿತು. ಅಲ್ಲಿಗೆ, ಕಾರ್ಖಾನೆಯವರ ಕೆಲಸ ಮನೆಯವರ ಕೈಗೂ ಎಟುಕಿತು.

ಈ ಹವ್ಯಾಸ ಉತ್ತರ ಅಮೆರಿಕದಲ್ಲಿ ನೆಲಮಾಳಿಗೆಯನ್ನು ಸೇರಿದ್ದಕ್ಕೆ ಕಾರಣವುಂಟು. ಚಳಿಗಾಲದಲ್ಲಿ ಅಡಿಗಟ್ಟಲೆ ಆಳಕ್ಕೆ ಮಣ್ಣು ಹೆಪ್ಪುಗಟ್ಟುವ ಆ ಸೀಮೆಯಲ್ಲಿ ಮನೆಯ ತಳಪಾಯವನ್ನು ಅದಕ್ಕೂ ಕೆಳಗೆ ಇಳಿಸಬೇಕು. ಹೇಗೂ ಅಗೆದಾಯಿತಲ್ಲ, ಅದನ್ನೇ ಒಂದು ಕೋಣೆ ಮಾಡಿದರಾಯಿತು ಎಂದು ಜನ ನೆಲಮಾಳಿಗೆ ಕಟ್ಟಿಕೊಂಡರು. ಅದರ ಕಾಂಕ್ರೀಟು ನೆಲ ನೇರವಾಗಿ ಭೂಮಿಯ ಮೇಲೆ ಕುಳಿತಿರುತ್ತದೆ. ಮೇಲಿನ ಅಂತಸ್ತಿನ ಮರದ ನೆಲದಂತೆ ತೊಲೆಗಳ ಮೇಲೆ ತೂಗುವುದಿಲ್ಲ.

೨೦೦೩ನೆಯ ಇಸವಿಯಲ್ಲಿ ನಾನು ಆರು ತಿಂಗಳು ಟೊರಾಂಟೊ ನಗರದ ಹೊರವಲಯದಲ್ಲಿ ಮಗಳ ಮನೆಯಲ್ಲಿದ್ದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನೀರಿನ ಒತ್ತಡ, ಹರಿವುಗಳ ಪಾಠವನ್ನೇ ಹೇಳಿ ನಿವೃತ್ತನಾದವನು ನಾನು. ಅಳಿಯಂದಿರು ಎಂಟಡಿ ಉದ್ದದ ತೊಟ್ಟಿ ಕಟ್ಟುವ ಸನ್ನಾಹದಲ್ಲಿದ್ದರು. “ಮಾವ, ಲೆಕ್ಕ ನಿಮ್ಮದು, ಗರಗಸ ನನ್ನದು” ಎಂದರು. ನನಗೂ ಹೊತ್ತು ಹೋಗಬೇಕಾಗಿತ್ತು, ಒಪ್ಪಿದೆ.

ಪ್ಲೈವುಡ್ ಹಲಗೆ ಅಂಗಡಿಯಲ್ಲಿ ಎಂಟಡಿಗೆ ನಾಲ್ಕಡಿಯ ಅಳತೆಯಲ್ಲಿ ಸಿಗುತ್ತದೆ. ಒಂದು ಹಲಗೆ ತಳವಾಯಿತು. ಎಂದರೆ ೨.೪ ಮೀಟರ್ ಉದ್ದ, ೧.೨ ಮೀಟರ್ ಅಗಲ. ನೀರಿನ ಆಳ ೭೫ ಸೆಂಟಿಮೀಟರ್ ಎಂದು ಗೊತ್ತುಮಾಡಿದೆವು. ಗುಣಿಸಿದರೆ ೨,೧೬೦ ಲೀಟರ್. ಒಂದು ಲೀಟರಿಗೆ ಒಂದು ಕಿಲೋ. ಆದ್ದರಿಂದ ನೀರೊಂದೇ ಎರಡು ಟನ್ನಿಗೂ ಮೇಲು. ತಳದ ಪ್ರತಿ ಚದರ ಮೀಟರಿನ ಮೇಲೆ ೭೫೦ ಕಿಲೋ ಭಾರ. ವಾಸದ ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು ೨೦೦ ಕಿಲೋ ಬಳಕೆಯ ಭಾರಕ್ಕೆಂದು ಲೆಕ್ಕ ಹಾಕಿ ಕಟ್ಟಿರುತ್ತಾರೆ. ನಮ್ಮ ಊರುಗಳ ಮಹಡಿಮನೆಗಳಲ್ಲಿ ದೊಡ್ಡ ತೊಟ್ಟಿ ಇಡಬೇಕೆನ್ನುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ನೋಡಬೇಕು.

ಒತ್ತಡದ ಮಾತು ಇನ್ನೂ ಸ್ವಾರಸ್ಯದ್ದು. ಗಾಜಿನ ಮೇಲೆ ನೀರು ಒತ್ತುವುದು ತನ್ನ ಆಳಕ್ಕೆ ತಕ್ಕಂತೆಯೇ ಹೊರತು ತನ್ನ ವಿಸ್ತಾರಕ್ಕೆ ತಕ್ಕಂತಲ್ಲ. ಗಾಜಿನ ಹಿಂದೆ ಒಂದಡಿ ಅಗಲದ ನೀರು ನಿಂತಿರಲಿ, ಒಂದು ಕೆರೆಯೇ ನಿಂತಿರಲಿ, ಆಳ ಒಂದೇ ಆದರೆ ಒತ್ತಡವೂ ಒಂದೇ. ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗಾಗಿ ಒಪ್ಪುತ್ತಾರೆ, ಮನಸಾರೆ ಒಪ್ಪುವುದಿಲ್ಲ. ನಮ್ಮ ತೊಟ್ಟಿಯ ಮುಂಭಾಗವನ್ನು ನೀರು ಹೊರಕ್ಕೆ ತಳ್ಳುವ ಬಲ ಸುಮಾರು ೬೭೫ ಕಿಲೋ ತೂಕದಷ್ಟು. ಉದ್ದವನ್ನು ಇಮ್ಮಡಿಸಿದರೆ ಈ ಬಲ ಇಮ್ಮಡಿಯಾದೀತು, ಅಷ್ಟೇ. ಆಳವನ್ನು ಇಮ್ಮಡಿಸಿದರೆ ನಾಲ್ಮಡಿಯಾಗುತ್ತದೆ. ಆದ್ದರಿಂದ ಬಲ್ಲ ಕಟ್ಟುಗಾರರು ತೊಟ್ಟಿಯನ್ನು ಉದ್ದಕ್ಕೆ, ಅಗಲಕ್ಕೆ ಬೆಳೆಸುತ್ತಾರೆ, ಎತ್ತರಕ್ಕೆ ಬೆಳೆಸಲು ಅನುಮಾನಿಸುತ್ತಾರೆ. ಮೀನಿಗೂ ಅದೇ ಹಿತ: ಅದು ಈಜುವುದು ಅಡ್ಡಡ್ಡವಾಗಿ, ಮತ್ತು ನೀರು ಗಾಳಿಯನ್ನು ಹೀರಿಕೊಳ್ಳುವುದು ಮೇಲ್ಮೈಯ ಮೂಲಕ.

ಮೂರು ಗೋಡೆ ಪ್ಲೈವುಡ್ಡಿನವು. ಒಳಗೆಲ್ಲ ನೀರು ತಾಗದಂತೆ ಎಪಾಕ್ಸಿ ರಾಳದ ಲೇಪ. ಮುಂಭಾಗಕ್ಕೆ ಮಾತ್ರ ೧೯ ಮಿಲಿಮೀಟರ್ ದಪ್ಪದ ಗಾಜು. ಆ ಗಾಜನ್ನು ಚೌಕಟ್ಟಿಗೆ ಹೊರಗಿನಿಂದಲ್ಲ, ಒಳಗಿನಿಂದ ಕೂರಿಸಬೇಕು. ಆಗ ಗಾಜನ್ನು ಕಿತ್ತೊಗೆಯಬೇಕಾದ ನೀರೇ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿಯುವ ಕಾವಲುಗಾರನಾಗುತ್ತದೆ. ಬೂಷ್ಟು ತಡೆಯುವ ಔಷಧ ಬೆರೆಸಿದ ಸಿಲಿಕೋನ್ ಬಚ್ಚಲಿಗೆ ಆದೀತು, ಮೀನಿಗೆ ವಿಷ, ಔಷಧವಿಲ್ಲದ್ದನ್ನೇ ಆರಿಸಬೇಕು. ಹಚ್ಚಿದಾಗ ಬರುವ ವಿನಿಗರಿನ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಕಾಯಬೇಕು. ವಿದ್ಯುತ್ ತಂತಿ ಗೋಡೆಯ ಪ್ಲಗ್ಗಿಗಿಂತ ಕೆಳಕ್ಕೆ ಜೋತು, ಮತ್ತೆ ಮೇಲೇರುವಂತಿರಬೇಕು; ತಂತಿಗುಂಟ ಇಳಿದ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗನ್ನು ಸೇರುವುದಿಲ್ಲ. ತೊಟ್ಟಿಯಿಂದ ದಿನವೂ ಆರುವ ನೀರು ಕೋಣೆಯ ಗೋಡೆಗೆ ತೇವವಾಗಿ ಹಿಡಿಯದಂತೆ ಗಾಳಿ ಹೊರಹೋಗಲು ದಾರಿ ಬೇಕು. ಏಪ್ರಿಲಿನಲ್ಲಿ ತೊಡಗಿದ ಕೆಲಸ ಮೇ ಕೊನೆಗೆ ಮುಗಿಯಿತು. ಒಂದು ವಾರ ನೀರು ತುಂಬಿ ನಿಲ್ಲಿಸಿ, ಸುತ್ತ ಒಣ ಕಾಗದ ಹಾಸಿ, ಹನಿ ಬಿದ್ದಿದೆಯೇ ಎಂದು ಬೆಳಗು ಬೈಗು ನೋಡಿದೆವು. ಬಿದ್ದಿರಲಿಲ್ಲ.

ಪೆಟ್ಟಿಗೆ ಸಿದ್ಧವಾಯಿತು; ಆದರೆ ಅದರಲ್ಲಿದ್ದದ್ದು ಇನ್ನೂ ಸತ್ತ ನೀರು. ಈ ಹವ್ಯಾಸದ ನಿಜವಾದ ಕಷ್ಟ ಇಲ್ಲಿಂದ ಮೊದಲಾಗುತ್ತದೆ. ಮೀನು ತನ್ನ ಕಿವಿರುಗಳಿಂದ ಅಮೋನಿಯಾ ಬಿಡುತ್ತದೆ. ಹೊಳೆಯಲ್ಲಿ ಅದು ಕೊಚ್ಚಿಹೋಗುತ್ತದೆ. ತೊಟ್ಟಿಯಲ್ಲಿ ಎಲ್ಲಿಗೆ ಹೋದೀತು? ಮೀನು ತಾನು ಬಿಟ್ಟ ವಿಷದಲ್ಲೇ ತಾನು ಸಾಯಬೇಕು. ಆ ಸಾವನ್ನು ತಪ್ಪಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಪಂಗಡ ಅಮೋನಿಯಾವನ್ನು ನೈಟ್ರೈಟಾಗಿ ಮಾರ್ಪಡಿಸುತ್ತದೆ, ಅದೂ ವಿಷವೇ. ಇನ್ನೊಂದು ಪಂಗಡ ನೈಟ್ರೈಟನ್ನು ನೈಟ್ರೇಟಾಗಿಸುತ್ತದೆ. ಅದನ್ನು ಮೀನು ಮಟ್ಟಿಗೆ ಸಹಿಸಬಲ್ಲದು. ಉಳಿದ ನೈಟ್ರೇಟನ್ನು ಗಿಡಗಳು ಹೀರಬೇಕು, ಇಲ್ಲವೆ ನಾವು ನೀರು ಬದಲಿಸಿ ಹೊರಹಾಕಬೇಕು. ಸೋಸುಯಂತ್ರದ ಸ್ಪಂಜಿನಲ್ಲಿ ಈ ಬ್ಯಾಕ್ಟೀರಿಯಾಗಳು ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಣ ಕೊಟ್ಟು ಗಾಜು ತರಬಹುದು, ಯಂತ್ರ ತರಬಹುದು. ಈ ಕಾಯುವಿಕೆಯನ್ನು ಮಾತ್ರ ನಾವೇ ಕಾಯಬೇಕು. ಮೀನಿಲ್ಲದ ತೊಟ್ಟಿಗೆ ಹನಿಹನಿ ಅಮೋನಿಯಾ ಹಾಕಿ, ನೀರನ್ನು ಪರೀಕ್ಷಿಸಿ, ಅಂಕಿಗಳನ್ನು ಗುರುತು ಹಾಕುತ್ತ ಅಳಿಯಂದಿರು ಆರು ವಾರ ಕಾದರು. ಬಂದ ನಂಟರಿಷ್ಟರು ಬರಿಯ ನೀರನ್ನು ನೋಡಿ ನಕ್ಕು ಹೋದರು.

ಜುಲೈ ಮಧ್ಯದಲ್ಲಿ ಮೀನು ಬಂದವು: ನಲವತ್ತು ಡೆನಿಸನ್ ಬಾರ್ಬ್‌ಗಳು. ಬೆಳ್ಳಿಯ ಮೈಗೆ ಕಪ್ಪು ಪಟ್ಟೆ, ಅದರ ಮೇಲೆ ಮೂತಿಯಿಂದ ಹೊರಟ ಕೆಂಪು ಗೆರೆ. ಕೇರಳದ ಮತ್ತು ಅದರ ಎಲ್ಲೆಗೆ ಹೊಂದಿದ ಕರ್ನಾಟಕದ ಕೆಲವು ಹೊಳೆಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಮೀನು ಇದು. ೧೮೬೫ರಲ್ಲಿ ಫ್ರಾನ್ಸಿಸ್ ಡೇ ಇದನ್ನು ವರ್ಣಿಸಿ, ಮದರಾಸಿನ ಗವರ್ನರ್ ಡೆನಿಸನ್ನನ ಹೆಸರಿಟ್ಟ. ಸಹ್ಯಾದ್ರಿಯ ತಂಪು ನೀರಿನಲ್ಲಿ ಆಡಬೇಕಾದದ್ದನ್ನು ಟೊರಾಂಟೊದ ನೆಲದಡಿಯಲ್ಲಿ ಕಂಡು ನನಗೆ ಊರಿನವರನ್ನು ಪರದೇಶದಲ್ಲಿ ಕಂಡ ಹಾಗಾಯಿತು. ಸಂತೋಷ ಎಷ್ಟೋ, ಸಂಕಟವೂ ಅಷ್ಟೇ. ಆ ದಿನಗಳಲ್ಲಿ ಮಾರಾಟಕ್ಕೆ ಬರುತ್ತಿದ್ದವು ಬಹುಮಟ್ಟಿಗೆ ಹೊಳೆಯಲ್ಲಿ ಹಿಡಿದವೇ. ಇಂದು ಈ ಪ್ರಭೇದ ಅಳಿವಿನ ಅಪಾಯಕ್ಕೆ ಒಳಗಾದವುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಸಾಕಿ ಮರಿಮಾಡಿಸಿದ ಮೀನುಗಳೂ ಈಗ ದೊರೆಯುತ್ತವೆ. ಕೊಳ್ಳುವವರು ಅವನ್ನೇ ಕೇಳಿ ಕೊಳ್ಳಬೇಕು.

ಆಗಸ್ಟ್ ೧೪ರಂದು ಸಂಜೆ ನಾಲ್ಕು ಗಂಟೆ ದಾಟಿದೊಡನೆ ವಿದ್ಯುತ್ತು ಹೋಯಿತು. ನಮ್ಮ ಬೀದಿಯದಷ್ಟೇ ಅಲ್ಲ. ಒಂಟಾರಿಯೊ ಪ್ರಾಂತ ಮತ್ತು ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಸುಮಾರು ಐದು ಕೋಟಿ ಜನರ ದೀಪಗಳು ಒಟ್ಟಿಗೆ ಆರಿದವು. ನೆಲಮಾಳಿಗೆಯಲ್ಲಿ ಪಂಪಿನ ಗುಂಯ್ಗುಡುವಿಕೆ ನಿಂತದ್ದು ಮಹಡಿಯ ಮೇಲಕ್ಕೂ ಕೇಳಿಸಿತು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ೨೫ ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೮ ಮಿಲಿಗ್ರಾಂ ಮಾತ್ರ. ತೊಟ್ಟಿ ದೊಡ್ಡದಾದುದರಿಂದ ಮೀನುಗಳಿಗೆ ತಕ್ಷಣದ ಭಯವಿರಲಿಲ್ಲ. ಮೊದಲು ಉಸಿರುಕಟ್ಟುವುದು ಮುಚ್ಚಿದ ಸೋಸುಯಂತ್ರದೊಳಗಿನ ಬ್ಯಾಕ್ಟೀರಿಯಾಗಳಿಗೆ. ಅವು ಸತ್ತರೆ ಆರು ವಾರದ ತಪಸ್ಸು ಒಂದು ರಾತ್ರಿಯಲ್ಲಿ ಕರಗುತ್ತದೆ. ಅವುಗಳ ಹಿಂದೆಯೇ ಮೀನು.

ಮೇಣದ ಬತ್ತಿಯ ಬೆಳಕಿನಲ್ಲಿ ಯಂತ್ರ ಬಿಚ್ಚಿ, ಸ್ಪಂಜುಗಳನ್ನು ತೆಗೆದು ತೊಟ್ಟಿಯ ಮೇಲ್ನೀರಿನಲ್ಲಿ ತೇಲಬಿಟ್ಟೆವು. ಮೀನಿಗೆ ಆಹಾರ ನಿಲ್ಲಿಸಿದೆವು. ಆಮೇಲೆ ಉಳಿದದ್ದು ಚೊಂಬಿನ ಕೆಲಸ: ತೊಟ್ಟಿಯ ನೀರನ್ನೇ ಮೊಗೆದು, ಎದೆಯೆತ್ತರದಿಂದ ಮತ್ತೆ ತೊಟ್ಟಿಗೆ ಸುರಿಯುವುದು. ಬೀಳುವ ನೀರು ಗಾಳಿಯನ್ನು ಒಳಕ್ಕೆ ಸೆಳೆಯುತ್ತದೆ. ದೀಪಗಳಿಲ್ಲದ ನಗರದ ಮೇಲೆ ಅಂದು ನಕ್ಷತ್ರಗಳು ಕಂಡವೆಂದು ನೆರೆಹೊರೆಯವರು ಬೀದಿಯಲ್ಲಿ ನಿಂತು ನೋಡುತ್ತಿದ್ದರು. ನಾವು ಕೆಳಗೆ ಸರದಿಯ ಮೇಲೆ ನೀರೆರೆಯುತ್ತಿದ್ದೆವು. “ನೀವು ಮಲಗಿ ಮಾವ, ವಯಸ್ಸಾದವರು” ಎಂದರು ಅಳಿಯಂದಿರು. ನಾನು ಮಲಗಲಿಲ್ಲ. ಪಂಪು ಮತ್ತೆ ತಿರುಗಿದ್ದು ಮರುದಿನ ಬೆಳಗ್ಗೆ. ಆಗ ಎಲ್ಲ ಮೀನುಗಳೂ ಬದುಕಿದ್ದವು. ಮೂರನೆಯ ದಿನ ಪರೀಕ್ಷೆಯಲ್ಲಿ ನೈಟ್ರೈಟ್ ತಲೆಹಾಕಿತು. ವಾರವಿಡೀ ದಿನವೂ ಕಾಲುಪಾಲು ನೀರು ಬದಲಿಸಬೇಕಾಯಿತು. ಎರಡು ಮೀನು ಹೋದವು. ಮೂವತ್ತೆಂಟು ಉಳಿದವು.

ತೋಳು ನೋಯುತ್ತಿದ್ದ ಆ ರಾತ್ರಿ ನನಗೆ ಶೃಂಗೇರಿಯ ತುಂಗೆಯ ಮೆಟ್ಟಿಲುಗಳು ನೆನಪಾದವು. ಅಲ್ಲಿ ಕಾಲಬುಡಕ್ಕೇ ಬರುವ ದೊಡ್ಡ ದೊಡ್ಡ ಮೀನುಗಳಿಗೆ ಗಾಳಿ ಊದುವ ಯಂತ್ರವನ್ನು ಯಾರೂ ಇಟ್ಟಿಲ್ಲ, ಅಮೋನಿಯಾ ಅಳೆಯುವವರೂ ಇಲ್ಲ. ಬಂಡೆಗೆ ಬಡಿದು ಬರುವ ನೀರು ಗಾಳಿಯನ್ನು ತರುತ್ತದೆ. ಕಲ್ಲಿನ ಪಾಚಿ, ತಳದ ಮರಳು ಕೊಳೆಯನ್ನು ಅರಗಿಸುತ್ತವೆ. ಮಳೆ ನೀರನ್ನು ಬದಲಿಸುತ್ತದೆ. ಜನ ಮಾಡಬೇಕಾದದ್ದು ಒಂದೇ, ಮೀನನ್ನು ಹಿಡಿಯದಿರುವುದು, ಹೊಳೆಯನ್ನು ಕೆಡಿಸದಿರುವುದು. ತೊಟ್ಟಿ ಕಟ್ಟುವವನು ಮೀನನ್ನು ಮಾತ್ರ ಮನೆಗೆ ತಂದೆನೆಂದುಕೊಳ್ಳುತ್ತಾನೆ. ವಾಸ್ತವವಾಗಿ ಹೊಳೆ ಕೂಲಿಯಿಲ್ಲದೆ ಮಾಡುತ್ತಿದ್ದ ಕೆಲಸವನ್ನೆಲ್ಲ ಹಗಲಿರುಳೂ ತಾನು ಮಾಡಿಕೊಡುವೆನೆಂದು ಮಾತು ಕೊಟ್ಟಿರುತ್ತಾನೆ.

ಆ ಮಾತನ್ನು ನಡೆಸಲಾರದವರು ಕೊನೆಗೆ ಮೀನನ್ನು ಹತ್ತಿರದ ಕೆರೆಗೆ ಸುರಿದು ಕೈತೊಳೆದುಕೊಳ್ಳುವುದುಂಟು. ಇದನ್ನು ದಯೆಯೆಂದು ಭಾವಿಸುವವರೂ ಇದ್ದಾರೆ. ಒಂಟಾರಿಯೊದ ಹ್ಯಾಮಿಲ್ಟನ್ ಬಂದರಿನಲ್ಲಿ ಹೀಗೆ ಸೇರಿದ ಚಿನ್ನದ ಮೀನು ಸಂಸಾರ ಬೆಳೆಸಿ ಅಲ್ಲಿಯ ಜಲಜೀವನಕ್ಕೇ ಪೀಡೆಯಾಗಿದೆ. ತೊಟ್ಟಿಯ ಗಾಜಿನ ಪಾಚಿ ತಿನ್ನಲೆಂದು ಮಾರುವ ದಕ್ಷಿಣ ಅಮೆರಿಕದ ಒರಟುಚರ್ಮದ ಮೀನು ನಮ್ಮ ದೇಶದ ಕೆರೆಗಳಲ್ಲೂ ತಳವೂರಿದೆ.

ಕಟ್ಟಬೇಡಿ ಎಂಬುದು ನನ್ನ ಮಾತಿನ ತಾತ್ಪರ್ಯವಲ್ಲ. ಒಂದು ಹೊಳೆ ಎಷ್ಟು ಕೆಲಸ ಮಾಡುತ್ತದೆಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಪಾಠಶಾಲೆ ಮನೆಯೊಳಗೆ ಬೇರೊಂದಿಲ್ಲ. ಕಾಲೇಜಿನಲ್ಲಿ ನಾನು ಹೇಳಿದ ಪಾಠ ನೀರಿನ ಭಾರದ್ದು ಮಾತ್ರವಾಗಿತ್ತು. ಅದರ ಬದುಕಿನ ಪಾಠ ನನಗೆ ದೊರೆತದ್ದು ಆ ನೆಲಮಾಳಿಗೆಯಲ್ಲಿ. ಕಟ್ಟಬೇಕೆನ್ನುವವರಲ್ಲಿ ನನ್ನದೊಂದೇ ಬಿನ್ನಹ: ಗಾಜಿನ ದಪ್ಪವನ್ನು ಲೆಕ್ಕ ಹಾಕುವ ಕಾಗದದ ಮೇಲೆಯೇ, ಪ್ರತಿವಾರ ನೀರು ಬದಲಿಸುವವರು ಯಾರು, ದೀಪ ಆರಿದ ರಾತ್ರಿ ಚೊಂಬು ಹಿಡಿಯುವವರು ಯಾರು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಎರಡಕ್ಕೂ ಉತ್ತರ ದೊರೆತ ಮೇಲೆ ಹಲಗೆ ಕೊಯ್ಯಲು ತೊಡಗಬಹುದು.